ಚನ್ನರಾಯಪಟ್ಟಣದಲ್ಲಿ ಮುಗಿದ ನೇಪಾಳ ಪ್ರವಾಸ

ನೇಪಾಳ ಹೇಗಿತ್ತು ಎಂದು ಸುಳ್ಯದ ಪೇಟೆಯಲ್ಲಿ ಈಗಲೂ ಯಾರಾದರೊಬ್ಬರು ಕೇಳುತ್ತಾರೆ. ಹೊರಡುವ ಮುಂಚೆ ನಾನೇ ಊರಿಡೀ ಹೇಳಿಕೊಂಡು ತಿರುಗಿದ್ದರ ಫಲ ಅದು. ಅಂಚೆ ಕಚೇರಿಯಿಂದ ನಿವೃತ್ತನಾದ ಮನುಷ್ಯ ಹೆಂಡತಿಯನ್ನೂ ನಾಯಿಯನ್ನೂ ಹಳೆಯ ವ್ಯಾನಿನಲ್ಲಿ ಕೂರಿಸಿಕೊಂಡು ಪರದೇಶಕ್ಕೆ ಹೊರಟಿದ್ದಾನೆ ಎಂದರೆ ಜನಕ್ಕೆ ಕುತೂಹಲ ಇದ್ದೇ ಇರುತ್ತದೆ. ಆದರೆ ನಾವು ನೋಡಿದ್ದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮತ್ತು ಹಾಸನ. ವ್ಯಾನು ಕೈಕೊಟ್ಟಿತು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ.

ನೇಪಾಳವೇ ಯಾಕೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಏಳು ವರ್ಷ ಒಂದು ನೇಪಾಳಿ ಸಂಸಾರವಿತ್ತು. ಗಂಡ ರಬ್ಬರ್ ಗೋದಾಮಿನ ಕಾವಲುಗಾರ, ಹೆಂಡತಿ ಮಾಯಾ. ನನ್ನ ಹೆಂಡತಿ ಸುಮಿತ್ರಾ ಹೊಲಿಗೆಯವಳು. ಮಾಯಾ ಅವಳ ಪಕ್ಕದಲ್ಲಿ ಕೂತು ಹೊಲಿಗೆ ಕಲಿತಳು, ಕನ್ನಡ ಕಲಿತಳು, ತುಳುವಿನಲ್ಲಿ ಬೈಯಲೂ ಕಲಿತಳು. ಒಂದು ಮಳೆಗಾಲದಲ್ಲಿ ಚರಂಡಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ಹೆಣ್ಣು ನಾಯಿಮರಿಗೆ ಮಲ್ಲಿ ಎಂದು ಹೆಸರಿಟ್ಟವಳೂ ಅವಳೇ. ಅವರು ಊರಿಗೆ ಹೊರಟುಹೋದಾಗ ಮಲ್ಲಿ ನಮ್ಮಲ್ಲಿ ಉಳಿಯಿತು. ಕಳೆದ ವರ್ಷ ಪೋಖರಾದ ಹತ್ತಿರ ಅವರು ಮನೆ ಕಟ್ಟಿಸಿದರು. ದೀಪಾವಳಿಗೆ ಮುಂಚೆ ಗೃಹಪ್ರವೇಶ. "ದೀದಿ, ನೀವು ಬರ್ಲೇಬೇಕು. ಮಲ್ಲಿಯನ್ನೂ ತನ್ನಿ. ಇಲ್ಲಿ ದೀಪಾವಳಿಗೆ ನಾಯಿಗಳಿಗೇ ಒಂದು ದಿನ ಹಬ್ಬ ಉಂಟು, ಹಾರ ಹಾಕಿ ಕುಂಕುಮ ಇಡ್ತೇವೆ" ಎಂದು ಮಾಯಾ ಫೋನಿನಲ್ಲಿ ಹೇಳಿದ್ದೇ ತಡ, ಸುಮಿತ್ರಾ ಅವಳಿಗೆಂದು ಹೊಸ ರವಿಕೆಗಳನ್ನು ಹೊಲಿಯತೊಡಗಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ ಪ್ರವಾಸ ಅದೊಂದೇ. ಒಂಬತ್ತು ವರ್ಷದ ನಾಯಿಯನ್ನು ರೈಲಿನಲ್ಲಿ ಅಷ್ಟು ದೂರ ಸಾಗಿಸುವ ಧೈರ್ಯ ನಮಗಿರಲಿಲ್ಲ. ಹಾಗಾಗಿ ಹಳೆಯದೊಂದು ಡೀಸೆಲ್ ವ್ಯಾನು ಕೊಂಡು, ಹಿಂದೆ ಮಂಚ ಹಾಕಿಸಿ, ಗ್ಯಾಸ್ ಒಲೆ ಇಟ್ಟು, ಮಲ್ಲಿಗೆ ಚುಚ್ಚುಮದ್ದು ಹಾಕಿಸಿ ಹೊರಟೆವು.

ಅರಕಲಗೂಡು

ಮಡಿಕೇರಿ ಘಾಟಿಯನ್ನು ವ್ಯಾನು ಸರಾಗವಾಗಿ ಹತ್ತಿತು. ಕುಶಾಲನಗರ ದಾಟಿದ ಮೇಲೆ ಬಿಸಿಯ ಮುಳ್ಳು ಮೇಲೇರಿದ್ದನ್ನು ನಾನು ನೋಡಿದೆ. ನೋಡಿಯೂ ಓಡಿಸಿದೆ. ಅರಕಲಗೂಡು ಪೇಟೆ ಇನ್ನೇನು ಬಂತು ಎನ್ನುವಾಗ ಮುಂಭಾಗದಿಂದ ಆವಿ ಎದ್ದು ಗಾಜೆಲ್ಲ ಮುಚ್ಚಿಹೋಯಿತು.

ನಮ್ಮ ಕಡೆ ಹೀಗೆ ದಾರಿಯಲ್ಲಿ ವಾಹನ ನಿಂತರೆ ಜನ ದೂರದಿಂದ ನೋಡಿ, ನಾವಾಗಿ ಕರೆದರೆ ಬರುತ್ತಾರೆ. ಅಲ್ಲಿ ಕರೆಯುವ ಮುಂಚೆಯೇ ಆರು ಜನ ಬಂದರು. ಒಬ್ಬ ಬಾನೆಟ್ ಎತ್ತಿದ, ಒಬ್ಬ ಕೊಡದಲ್ಲಿ ನೀರು ತಂದ, ಮತ್ತೊಬ್ಬ ವ್ಯಾನಿನೊಳಗೆ ತಲೆ ಹಾಕಿ ಮಂಚ, ಒಲೆ, ನಾಯಿ ಎಲ್ಲವನ್ನೂ ಸಾವಕಾಶವಾಗಿ ನೋಡಿದ. ಮಲ್ಲಿ ಗುರುಗುಟ್ಟಿದರೂ ಅವನಿಗೆ ಲೆಕ್ಕವಿಲ್ಲ.

ಪಕ್ಕದ ಟೀ ಅಂಗಡಿಯ ಮುದುಕ ಕೇಳಿದ: "ಎಲ್ಲಿಗೋಯ್ತಿದ್ದೀರಿ ಸಾ, ಸಂಸಾರ ಸಮೇತ?"

"ನೇಪಾಳಕ್ಕೆ."

"ಯಾವ್ ಪಾಳ್ಯ? ನಮ್ ಸುತ್ಮುತ್ತ ಸುಮಾರು ಪಾಳ್ಯ ಅವೆ."

ಸುಮಿತ್ರಾ ನಕ್ಕುಬಿಟ್ಟಳು. ನೇಪಾಳ ದೇಶ ಎಂದು ಬಿಡಿಸಿ ಹೇಳಿದ ಮೇಲೆ ಮುದುಕ ವ್ಯಾನನ್ನು ಮೇಲಿಂದ ಕೆಳಗೆ ನೋಡಿದ. "ಇದ್ರಲ್ಲಾ?" ಎಂದ. ಆಮೇಲೆ "ಒಳೆನರಸೀಪುರದಲ್ಲಿ ರಂಗಪ್ಪ ಅಂತ ಅವ್ನೆ. ಅವನ್ತಾವ ತಕ್ಕಂಡೋಗಿ. ನಿಧಾನ, ಆದ್ರೆ ಕೆಲ್ಸ ಗಟ್ಟಿ" ಎಂದ. ತೆಂಗಿನಕಾಯಿ ತುಂಬಿಕೊಂಡು ಆ ಕಡೆ ಹೊರಟಿದ್ದ ಪಿಕಪ್ಪಿಗೆ ಹಗ್ಗ ಕಟ್ಟಿಸಿಕೊಟ್ಟದ್ದೂ ಅವನೇ. ನಮ್ಮ ಪರದೇಶ ಪ್ರಯಾಣ ತೆಂಗಿನಕಾಯಿಯ ಹಿಂದೆ ಮುಂದುವರಿಯಿತು.

ಹೊಳೆನರಸೀಪುರ, ನಾಲ್ಕು ದಿನ

ರಂಗಪ್ಪನವರ ಶೆಡ್ಡು ಹಾಸನದ ರಸ್ತೆಯಲ್ಲಿ, ಊರಿನ ಅಂಚಿಗೆ. ಎದುರಿಗೆ ಹೋಟೆಲು, ಹಿಂದೆ ಗದ್ದೆ. ಅವರಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಕುಳ್ಳಗೆ, ಕಿವಿಯ ಮೇಲೆ ಯಾವಾಗಲೂ ಒಂದು ಬೀಡಿ. ಎಂಜಿನ್ನಿನ ಮೇಲೆ ಕೈಯಿಟ್ಟು, ಮಗುವಿಗೆ ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತರು.

"ಎಡ್ಡು ಬಗ್ಗೋಗೈತೆ ಸಾ. ಬಿಚ್ಚಿ ಆಸನಕ್ಕೆ ಕಳ್ಸಿ ಲೇತಲ್ಲಿ ಸಮ ಮಾಡುಸ್ಬೇಕು. ಅವಸ್ರ ಮಾಡಿದ್ರೆ ಆಗಾಕಿಲ್ಲ."

"ಎಷ್ಟು ದಿನ?"

"ನಾಳೀಕೆ ನೋಡವ."

ನಾಯಿ ಇದೆ ಎಂದ ಕೂಡಲೇ ಊರಿನ ವಸತಿಗೃಹದವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ರಂಗಪ್ಪನವರೇ ಶೆಡ್ಡಿನ ಪಕ್ಕದ ಕೋಣೆಯ ಬಾಗಿಲು ತೆಗೆದುಕೊಟ್ಟರು. ಒಂದು ಮಂಚ, ಒಂದು ಫ್ಯಾನು, ಗೋಡೆಯಲ್ಲಿ ಮೊಳೆ. ದಾರಿಯಲ್ಲಿ ಕೆಟ್ಟು ನಿಂತವರಿಗೆಂದೇ ಇಟ್ಟ ಕೋಣೆಯಂತೆ. ಹೆರಿಗೆಗೆ ಹೊರಟ ಹೆಂಗಸೊಬ್ಬಳು ಕಾರು ಕೆಟ್ಟು ಅಲ್ಲೇ ಒಂದು ಇಡೀ ದಿನ ಮಲಗಿದ್ದಳು ಎಂದು ಅವರ ಮಗಳು ಸವಿತಾ ಹೇಳಿದಳು. ತಾಯಿಯಿಲ್ಲದ ಹುಡುಗಿ. ಹಾಸನದಲ್ಲಿ ಬಿ.ಎಡ್. ಓದುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದಳು.

ಎಂಜಿನ್ನಿನ ಮೇಲ್ಭಾಗದ ಹೆಡ್ಡು ಹಾಸನಕ್ಕೆ ಹೋಯಿತು. ನಾವು ಕಾಯತೊಡಗಿದೆವು.

ಕಾಯುವುದನ್ನು ಸುಮಿತ್ರಾ ಬಲ್ಲಳು. ಎರಡನೇ ದಿನಕ್ಕೆ ಅವಳು ಸವಿತಾಳ ಅಡುಗೆಮನೆಯಲ್ಲಿದ್ದಳು. ಮೂರನೇ ದಿನ ಅವಳಿಗೆ ರವಿಕೆಯ ಕತ್ತರಿಕೆ ಹೇಳಿಕೊಡುತ್ತಿದ್ದಳು. ಆ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಕುಚ್ಚಲಕ್ಕಿಯನ್ನು ಅಗಿದು ಅಗಿದು ತಿನ್ನುವ ನಾವು ಮುದ್ದೆಯನ್ನೂ ಅಗಿಯುತ್ತಿದ್ದರೆ ಸವಿತಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ನುಂಗ್ಬೇಕು ಆಂಟಿ, ಅಗೀಬಾರ್ದು!" ಬೆಳಿಗ್ಗೆ ಎದುರಿನ ಹೋಟೆಲಿಗೆ ಬಂದವರೆಲ್ಲ ನಮ್ಮ ಬಾಗಿಲಿಗೆ ಒಂದು ಸುತ್ತು ಬರುತ್ತಿದ್ದರು. ಯಾವೂರು, ಯಾವ ಜನ, ಮಕ್ಕಳೆಷ್ಟು, ಇಲ್ಲವೆಂದರೆ ಯಾಕಿಲ್ಲ. ನಮ್ಮೂರಿನಲ್ಲಿ ಹತ್ತು ವರ್ಷದ ನೆರೆಯವರೂ ಕೇಳದ್ದನ್ನು ಅವರು ಹಲ್ಲುಜ್ಜುತ್ತಾ ಕೇಳುತ್ತಿದ್ದರು. ಉತ್ತರ ಕೇಳಿದ ಒಬ್ಬಾತ ಮರುದಿನ ಒಂದು ಗೊನೆ ಎಳನೀರು ತಂದಿಟ್ಟು ಹೋದ. ಸುಮಿತ್ರಾ ಆ ಗೊನೆಯನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದಳು.

ಮಲ್ಲಿಯೂ ಬದಲಾಯಿತು. ಸುಮಿತ್ರಾಳ ಕೈಯಿಂದಲ್ಲದೆ ತುತ್ತು ತಿನ್ನದ ನಾಯಿ ಅದು. ರಂಗಪ್ಪನವರು ವ್ಯಾನಿನಡಿಗೆ ಗೋಣಿ ಹಾಸಿಕೊಂಡು ಅಂಗಾತ ಮಲಗಿದರೆ ತಾನೂ ಪಕ್ಕದಲ್ಲಿ ಹೋಗಿ ಮಲಗುತ್ತಿತ್ತು. "ಏನವ್ವಾ, ಈ ಬೋಲ್ಟು ಬಿಡ್ತಾ ಇಲ್ವಲ್ಲಾ" ಎಂದು ಅವರು ಅದರ ಹತ್ತಿರ ಮಾತಾಡುವುದು ಕೇಳುತ್ತಿತ್ತು. ಅವರ ತಟ್ಟೆಯ ಅರ್ಧ ಮುದ್ದೆ ಅದಕ್ಕೆ ಹೋಗುತ್ತಿತ್ತು.

ಕಾಯಲು ಬಾರದವನು ನಾನೊಬ್ಬನೇ. ಗೃಹಪ್ರವೇಶದ ದಿನ ಹತ್ತಿರವಾಗುತ್ತಿತ್ತು. ಮುಂದೆ ಅರ್ಧ ಭಾರತವೇ ಉಳಿದಿತ್ತು. ಹೆಂಡತಿಯ ಒಂದೇ ಒಂದು ಆಸೆಯನ್ನು ಈ ಶೆಡ್ಡಿನಲ್ಲಿ ಕಳೆದುಬಿಡುತ್ತೇನೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಅದು ಸುಳ್ಳಲ್ಲ. ಆದರೆ ಅದರ ಜೊತೆಗೇ, ರಂಗಪ್ಪನವರು ದಿನವೂ "ನಾಳೀಕೆ" ಎನ್ನುವಾಗ, ಇವರು ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದೂ ಅನ್ನಿಸತೊಡಗಿತ್ತು. ಬೇರೆಯವರು ಬರೆದ ಅರ್ಜಿಯಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿದ್ದವನು ನಾನು. ಮೂವತ್ತು ವರ್ಷದಲ್ಲಿ ಅದು ಕಣ್ಣಿನ ಅಭ್ಯಾಸವೇ ಆಗಿಬಿಡುತ್ತದೆ.

ನಾಲ್ಕನೇ ದಿನ ಹೆಡ್ಡು ಸಮವಾಗಿ ಬಂದಿತು. ರಂಗಪ್ಪನವರು ಅದನ್ನು ಕೂರಿಸಿದರು. ಆ ದಿನ ಹೋಟೆಲಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬಾತ, ಎಲ್ಲಿಯವನೋ ಗೊತ್ತಿಲ್ಲ, ಬೋಂಡ ತಿನ್ನುತ್ತಾ, "ಮೆಕ್ಯಾನಿಕ್ಕುಗಳ್ತಾವ ಉಷಾರಾಗಿರಿ ಸಾ. ಒಳ್ಳೇ ಪಾರ್ಟು ಕಂಡ್ರೆ ಬದ್ಲಾಯ್ಸಿ ಆಕ್ಬುಡ್ತಾರೆ" ಎಂದು ಕೈ ತೊಳೆದು ಎದ್ದುಹೋದ. ಅವನು ರಂಗಪ್ಪನವರ ಹೆಸರನ್ನೂ ಹೇಳಿರಲಿಲ್ಲ.

ಹೊಳೆನರಸೀಪುರ, ಐದನೇ ದಿನ

ಆ ಬೆಳಿಗ್ಗೆ ನಾನೂ ಸುಮಿತ್ರಾಳೂ ಮಲ್ಲಿಯನ್ನು ಕರೆದುಕೊಂಡು ಹೇಮಾವತಿಯ ದಡಕ್ಕೆ ಹೋಗಿದ್ದೆವು. ನನ್ನ ಫೋನನ್ನು ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಿಟ್ಟಿದ್ದೆ. ನದಿ ತುಂಬಿತ್ತು. ಬಟ್ಟೆ ಒಗೆಯುವ ಹೆಂಗಸರೊಡನೆ ಸುಮಿತ್ರಾ ಮಾತಿಗೆ ಕೂತಳು. ಬರುವಾಗ ಮಧ್ಯಾಹ್ನವಾಯಿತು. ಶೆಡ್ಡಿನಲ್ಲಿ ರಂಗಪ್ಪನವರಿಲ್ಲ. ವ್ಯಾನಿನ ಮುಂಭಾಗ ಬಾಯಿ ತೆರೆದುಕೊಂಡಿತ್ತು. ರೇಡಿಯೇಟರ್ ಇರಬೇಕಾದ ಜಾಗ ಖಾಲಿ.

ಬೋಂಡ ತಿನ್ನುತ್ತಿದ್ದವನ ಮಾತು ಆ ಖಾಲಿ ಜಾಗದಲ್ಲಿ ಬಂದು ಕೂತಿತು. ಅವರು ಬರುವವರೆಗಿನ ಎರಡು ಗಂಟೆ ನಾನು ಶೆಡ್ಡಿನಲ್ಲಿ ಶತಪಥ ತಿರುಗಿದೆ. "ಬಂದ ಮೇಲೆ ಕೇಳಿದ್ರಾಯ್ತು ಮಾರಾಯ್ರೆ, ಕೂತ್ಕೊಳ್ಳಿ" ಎಂದು ಸುಮಿತ್ರಾ ಎರಡು ಸಲ ಹೇಳಿದಳು.

ರಂಗಪ್ಪನವರು ಹಾಸನದ ಬಸ್ಸಿನಿಂದ ಬರಿಗೈಯಲ್ಲಿ ಇಳಿದರು. ಎದುರಿನ ಹೋಟೆಲಿನಲ್ಲಿ ಊಟದ ಹೊತ್ತು, ಜನ ಇದ್ದರು. ನಾನು ರಸ್ತೆಯ ಪಕ್ಕದಲ್ಲೇ ಕೇಳಿದೆ.

"ರೇಡಿಯೇಟರ್ ಎಲ್ಲಿ?"

"ಆಸನದಲ್ಲಿ ಕೊಟ್ಬಂದೆ ಸಾ. ಒಳ್ಗೆಲ್ಲ ಪಾಚಿ ಕಟ್ಕಂಡೈತೆ. ಅದುನ್ನ ಕ್ಲೀನ್ ಮಾಡುಸ್ದೆ ಎಡ್ಡು ಸರಿ ಮಾಡಿ ಏನ್ ಪ್ರಯೋಜ್ನ? ನಾಳೆ ಸಂಜೀಕೆ ಕೊಡ್ತಾರೆ."

"ನನ್ನನ್ನು ಕೇಳದೆ ಬಿಚ್ಚಿದ್ದು ಯಾಕೆ?"

"ಪೋನ್ ಮಾಡಿದ್ದೆ ಸಾ, ಎಲ್ಡ್ ಸಲ. ನೀವು ಎತ್ಲಿಲ್ಲ."

"ಸುಳ್ಳು ಹೇಳ್ಬೇಡ" ಎಂದೆ. ಐದು ದಿನ ಬಹುವಚನದಲ್ಲಿ ಮಾತಾಡಿದವನು ಆ ಕ್ಷಣದಲ್ಲಿ ಏಕವಚನಕ್ಕೆ ಇಳಿದೆ. "ಒಳ್ಳೆ ಸಾಮಾನು ತೆಗ್ದು ಮಾರ್ಲಿಕ್ಕೆ ಐದು ದಿನ ಇಲ್ಲಿ ಕಟ್ಟಿಹಾಕಿದ್ದು ಅಂತ ಈಗ ಗೊತ್ತಾಯ್ತು. ಕಳ್ಳ ನೀನು."

ಹೋಟೆಲಿನಲ್ಲಿ ಕೆಲವರು ಎಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದರು. ಸವಿತಾ ಅದೇ ಬಸ್ಸಿನಿಂದ ಇಳಿದಿದ್ದಳೆಂದು ತೋರುತ್ತದೆ. ಹೆಗಲ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಪ್ಪನ ಹಿಂದೆ ನಿಂತಿದ್ದಳು.

ರಂಗಪ್ಪನವರು ಕಿವಿಯ ಮೇಲಿನ ಬೀಡಿಯನ್ನು ತೆಗೆದರು, ಮತ್ತೆ ಅಲ್ಲೇ ಇಟ್ಟರು. "ತಂದ್ಕೊಡ್ತೀನಿ ಸಾ" ಎಂದಷ್ಟೇ ಹೇಳಿ, ಹಾಸನದ ಕಡೆ ಹೋಗುವ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದರು. ನೀರನ್ನೂ ಕುಡಿದಿರಲಿಲ್ಲ.

ಇನ್ನು ಹೇಳುವುದನ್ನು ಸುಳ್ಯದ ಪೇಟೆಯಲ್ಲಿ ಯಾರಿಗೂ ಹೇಳಿಲ್ಲ. ಕೋಣೆಗೆ ಹೋಗಿ ಫೋನು ತೆಗೆದು ನೋಡಿದೆ. ಎರಡು ಮಿಸ್ಡ್ ಕಾಲ್ ಇದ್ದವು. ಎರಡೂ ಅವರದೇ. ಒಂದಾದ ಮೇಲೆ ಒಂದು, ಐದು ನಿಮಿಷದ ಅಂತರದಲ್ಲಿ. ಆಗಲೇ ಸವಿತಾಳ ಬಾಗಿಲಿಗೆ ಹೋಗಬಹುದಿತ್ತು. ಅವರಿಗೆ ಫೋನ್ ಮಾಡಿ, ಬರುವುದು ಬೇಡ, ಕೆಲಸ ಮುಗಿಯಲಿ, ನನ್ನದು ತಪ್ಪಾಯಿತು ಎನ್ನಬಹುದಿತ್ತು. ನಾನು ಆ ಎರಡು ಕರೆಗಳನ್ನು ಅಳಿಸಿದೆ. ಸುಮಿತ್ರಾ ಒಳಗೆ ಬಂದಾಗ ಫೋನನ್ನು ಜೇಬಿಗೆ ಹಾಕಿಕೊಂಡೆ.

ಸಂಜೆಗೆ ಅವರು ರೇಡಿಯೇಟರನ್ನು ಗೋಣಿಯಲ್ಲಿ ಸುತ್ತಿ ಹೊತ್ತು ತಂದರು. ಅದು ನಮ್ಮದೇ. ಒಂದು ಮೂಲೆಯ ತಗ್ಗು ಕೂಡ ಹಾಗೇ ಇತ್ತು. ಕತ್ತಲಾಗುವ ಮುಂಚೆ ಕೂರಿಸಿ, ಕೈ ಒರೆಸಿಕೊಂಡು, ನನ್ನನ್ನು ಬಿಟ್ಟು ಸುಮಿತ್ರಾಳಿಗೆ ಹೇಳಿದರು:

"ಅಮ್ಮಾವ್ರೆ, ಇದು ಕ್ಲೀನ್ ಆಗಿಲ್ಲ. ದೂರ ಓಗ್ಬೇಡಿ. ಓದ್ರೂ ಅತ್ತತ್ತು ಕಿಲೋಮೀಟ್ರಿಗೆ ನಿಲ್ಸಿ ನೀರು ನೋಡಿ. ಮುಳ್ಳು ಮ್ಯಾಕ್ಕೋದ್ರೆ ಎಂಜಿನ್ ಆರ್ಸ್ಬುಡಿ."

ಚನ್ನರಾಯಪಟ್ಟಣ

ಬೆಳಿಗ್ಗೆ ಮಲ್ಲಿ ವ್ಯಾನು ಹತ್ತಲಿಲ್ಲ. ಗೋಣಿಯ ಮೇಲೆ ಮಲಗಿಬಿಟ್ಟಿತು. ಕರೆದರೆ ಬಾಲ ಬಡಿಯುತ್ತದೆ, ಏಳುವುದಿಲ್ಲ. ನಾನು ಹಗ್ಗ ಹಾಕಿ ಎಳೆದು ಹತ್ತಿಸಿದೆ. ಸವಿತಾ ಹೊರಗೆ ಬರಲಿಲ್ಲ. ಸುಮಿತ್ರಾ ಅವಳಿಗಾಗಿ ಕತ್ತರಿಸಿಟ್ಟಿದ್ದ ರವಿಕೆ ಬಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಬಂದಳು.

ಅರ್ಧ ದಾರಿಗೆ ಮುಳ್ಳು ಅಲ್ಲಾಡಿತು.

"ನಿಲ್ಲಿಸಿ. ನೀರು ನೋಡ್ಲಿಕ್ಕೆ ಹೇಳಿದ್ದಾರೆ ಅವ್ರು."

"ಹೆದರಿಸ್ಲಿಕ್ಕೆ ಹೇಳಿದ್ದು."

"ಎಂತ ಮಾತಾಡ್ತೀರಿ ನೀವು? ನಿಲ್ಲಿಸಿ ಹೇಳಿದೆ."

ನಿಲ್ಲಿಸಲಿಲ್ಲ. ನಿಲ್ಲಿಸಿದರೆ ರಂಗಪ್ಪನವರು ಹೇಳಿದ್ದು ಸರಿ ಎಂದಾಗುತ್ತಿತ್ತು. ಅದೊಂದೇ ಕಾರಣ. ಬೇರೆ ಇದ್ದಿದ್ದರೆ ಈಗ ಬರೆಯುತ್ತಿದ್ದೆ.

ಚನ್ನರಾಯಪಟ್ಟಣದ ಪೇಟೆಯೊಳಗೆ, ಬಸ್ಸುಗಳ ನಡುವೆ, ಎಂಜಿನ್ನು ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಹಾಗೆ ಕೂಗಿ, ಹಿಡಿದುಕೊಂಡು ನಿಂತುಹೋಯಿತು. ಅದರ ಹಿಂದೆಯೇ ಏನೋ ಒಡೆದ ಸದ್ದು, ಆವಿ. ಬೆಂಕಿ ಎಂದು ಯಾರೋ ಕೂಗಿದರು. ಸುಮಿತ್ರಾ ಗಾಬರಿಯಲ್ಲಿ ಬಾಗಿಲು ತೆರೆದಳು. ಮಲ್ಲಿ ಅವಳ ತೊಡೆಯ ಮೇಲಿಂದ ಹಾರಿ, ಲಾರಿಯೊಂದರ ಕೆಳಗೆ ನುಗ್ಗಿ, ಆಚೆ ದಾಟಿ, ಕಣ್ಮರೆಯಾಯಿತು. ಕುತ್ತಿಗೆಯ ಹಗ್ಗ ಅದರ ಹಿಂದೆ ರಸ್ತೆಯಲ್ಲಿ ಎಳೆದುಕೊಂಡು ಹೋಗುತ್ತಿದ್ದುದನ್ನು ನೋಡಿದ್ದು ನೆನಪಿದೆ.

ಆ ದಿನವಿಡೀ ಹುಡುಕಿದೆವು. ತೆಂಗಿನಕಾಯಿ ಮಂಡಿ, ಸಂತೆಮಾಳ, ಕೆರೆಯ ಏರಿ. ಸುಮಿತ್ರಾಳ ಗಂಟಲು ಕೂಗಿ ಕೂಗಿ ಒಡೆದುಹೋಯಿತು. ಒಬ್ಬ ಜೈನ ವ್ಯಾಪಾರಿ ತನ್ನ ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಎರಡು ಬೀದಿ ನಮ್ಮ ಜೊತೆ ನಡೆದ. ನಾಲ್ಕೂ ಕಡೆ ರಸ್ತೆಗಳು ಒಡೆಯುವ ಊರು ಅದು. ಹೆದರಿದ ನಾಯಿ ಯಾವ ರಸ್ತೆ ಹಿಡಿಯಿತು ಎಂದು ಹೇಗೆ ಹೇಳುವುದು? ಹೊತ್ತು ಇಳಿಯುವಾಗ ಸುಮಿತ್ರಾ ವ್ಯಾನಿನ ಮೆಟ್ಟಿಲ ಮೇಲೆ ಕೂತು ಫೋನು ತೆಗೆದಳು.

"ಯಾರಿಗೆ?" ಎಂದೆ.

"ಸವಿತಾಳಿಗೆ. ನೀವು ಮಾತಾಡ್ಬೇಡಿ."

ಹರದನಹಳ್ಳಿಯ ಕಡೆ

ರಂಗಪ್ಪನವರು ಮರುದಿನ ನಸುಕಿನಲ್ಲೇ ಸ್ಕೂಟರಿನಲ್ಲಿ ಬಂದರು. ವ್ಯಾನಿನತ್ತ ಒಮ್ಮೆ ನೋಡಿದರು. ಬಾನೆಟ್ ಕೂಡ ಎತ್ತಲಿಲ್ಲ. "ಅದು ಅಂಗಿರ್ಲಿ. ಮೊದ್ಲು ನಾಯಿ" ಎಂದರು.

ಅವರ ಬಳಿ ಒಂದು ಉಪಾಯವಿತ್ತು. ಆ ಸೀಮೆಯಲ್ಲಿ ಹಳ್ಳಿಗೊಂದು ಹಾಲಿನ ಡೈರಿ. ಬೆಳಿಗ್ಗೆ ಸಂಜೆ ಊರಿಗೆ ಊರೇ ಕ್ಯಾನು ಹಿಡಿದು ಅಲ್ಲಿ ಸೇರುತ್ತದೆ. "ಪೇಪರ್ನಲ್ಲಿ ಆಕ್ಸುದ್ರೂ ಇಷ್ಟ್ ಜನುಕ್ಕೆ ಗೊತ್ತಾಗಾಕಿಲ್ಲ ಸಾ" ಎಂದರು. ಸುಮಿತ್ರಾಳನ್ನು ಪೇಟೆಯಲ್ಲೇ ಬಿಟ್ಟು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಹಾಲು ಅಳೆಯುವ ಹೊತ್ತಿಗೆ ಒಂದು ಡೈರಿ, ಅಲ್ಲಿಂದ ಮುಂದಿನದು. ಪ್ರತಿ ಕಡೆಯೂ ಅದೇ ಮಾತು: "ಕಂದುಬಣ್ಣದ್ದು, ಎಣ್ಣು, ಕುತ್ಗೇಲಿ ಅಗ್ಗ ಐತೆ. ಮಲ್ಲಿ ಅಂದ್ರೆ ತಿರುಗ್ತದೆ. ಕಂಡ್ರೆ ಒಡೀಬ್ಯಾಡಿ, ಕಟ್ಟಾಕಿ ಪೋನ್ ಮಾಡ್ರಪ್ಪಾ." ಹಾಲು ಒಯ್ಯುವ ವ್ಯಾನುಗಳ ಡ್ರೈವರುಗಳಿಗೂ ಹೇಳಿದರು. ನಮ್ಮ ಕಡೆ ಪೇಟೆಯ ಗೋಡೆಗೆ ಚೀಟಿ ಅಂಟಿಸಿ ಮನೆಯಲ್ಲಿ ಕೂರುತ್ತಿದ್ದೆವು.

ಎರಡು ದಿನ ನಾನು ಅವರ ಬೆನ್ನಿನ ಹಿಂದೆ ಕೂತಿದ್ದೆ. ಭತ್ತ ತೆನೆ ಕಟ್ಟುತ್ತಿದ್ದ ಗದ್ದೆಗಳ ನಡುವೆ, ನಾಲೆಯ ಏರಿಯ ಮೇಲೆ, ತೆಂಗಿನ ಸಾಲುಗಳಲ್ಲಿ. ಮುಖ ನೋಡದೆ ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನನ್ನದು ತಪ್ಪಾಯಿತು, ಎರಡೇ ಶಬ್ದ ಸಾಕಿತ್ತು. ಪ್ರತಿ ಊರು ದಾಟುವಾಗಲೂ ಮುಂದಿನ ಊರಿಗೆ ಹೇಳುತ್ತೇನೆ ಎಂದುಕೊಂಡೆ. ಒಂದು ಕಡೆ ಅವರು ನನಗೆ ಟೀ ಕುಡಿಸಿ, ತಾವು ಕುಡಿಯದೆ, "ನೀವು ತಿಂಡಿ ತಿಂದಿಲ್ಲ ಸಾ" ಎಂದು ಬನ್ನು ತಂದುಕೊಟ್ಟರು. ಬನ್ನು ತಿಂದು ಮತ್ತೆ ಅವರ ಹಿಂದೆ ಸ್ಕೂಟರ್ ಹತ್ತಿದೆ.

ಮೂರನೇ ಬೆಳಿಗ್ಗೆ ಫೋನು ಬಂತು. ಹೊಳೆನರಸೀಪುರದ ಕಡೆಗಿರುವ ಹರದನಹಳ್ಳಿಯ ಹತ್ತಿರದ ಒಂದು ತೋಟದ ಮನೆಯಿಂದ. ಮೂವರೂ ಆಟೋದಲ್ಲಿ ಹೋದೆವು. ಕೊಟ್ಟಿಗೆಯ ಕಂಬಕ್ಕೆ ಮಲ್ಲಿಯನ್ನು ಕಟ್ಟಿದ್ದರು. ನಾಲ್ಕೂ ಪಾದ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮನೆಯ ಯಜಮಾನಿ ಅರಿಸಿನ ಹಚ್ಚಿ ಮಜ್ಜಿಗೆ ಕುಡಿಸಿದ್ದಳು. "ರೋಡಲ್ಲೇ ಒಂಟಿತ್ತು ಕಣವ್ವ, ಅತ್ಲಾಗೂ ನೋಡ್ದೆ ಇತ್ಲಾಗೂ ನೋಡ್ದೆ. ನಾವೇ ಅಡ್ಡ ಆಕಿ ಇಡ್ಕಂಡೊ" ಎಂದಳು.

"ನಮ್ ಶೆಡ್ ಕಡೀಕೇ ಬತ್ತಿತ್ತು" ಎಂದರು ರಂಗಪ್ಪ.

ಮಲ್ಲಿ ನನ್ನನ್ನು ಕಂಡು ಎದ್ದಿತು. ಒಡೆದ ಕಾಲಿನಲ್ಲೇ ಕುಂಟುತ್ತಾ ಬಂದು, ಹಗ್ಗ ಹಾಕಿ ಎಳೆದ ನನ್ನ ಕೈಯನ್ನೇ ನೆಕ್ಕಿತು. ಸುಮಿತ್ರಾ ಅದನ್ನು ನೋಡುತ್ತಾ ನಿಂತಿದ್ದಳು. "ಅದಕ್ಕೆ ಮರ್ತುಹೋಗಿದೆ" ಎಂದಳು. "ನನಗೆ ಮರ್ತುಹೋಗ್ಲಿಕ್ಕಿಲ್ಲ."

ಹಾಸನ

ವ್ಯಾನನ್ನು ಹಾಸನದ ದೊಡ್ಡ ಗ್ಯಾರೇಜಿಗೆ ಸಾಗಿಸಿದೆವು. ಎಂಜಿನ್ನು ಮುಗಿದಿದೆ, ಬೇರೆಯದು ಹಾಕಲು ಒಂದು ತಿಂಗಳಾದರೂ ಬೇಕು ಎಂದರು. ವ್ಯಾನನ್ನು ಅಲ್ಲೇ ಬಿಟ್ಟುಕೊಟ್ಟೆ. ನಮ್ಮನ್ನು ಸುಳ್ಯಕ್ಕೆ ತಲುಪಿಸುವ ಕಾರು ಬರುವವರೆಗೆ, ಗ್ಯಾರೇಜಿನ ಎದುರಿನ ಕಲ್ಲುಬೆಂಚಿನ ಮೇಲೆ, ಮಲ್ಲಿಯ ತಲೆ ಸುಮಿತ್ರಾಳ ಮಡಿಲಲ್ಲಿದ್ದಾಗ, ಆ ಎರಡು ಕರೆಗಳ ವಿಷಯ ಹೇಳಿದೆ. ಅಳಿಸಿದ್ದನ್ನೂ ಹೇಳಿದೆ.

ಅವಳು ಮಲ್ಲಿಯ ಪಾದದ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಕೇಳಿದ್ದು ಒಂದೇ: "ಅವ್ರು ಹುಡುಕ್ಲಿಕ್ಕೆ ಬಂದಾಗ್ಲೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಗೃಹಪ್ರವೇಶದ ದಿನ ಮಾಯಾ ವೀಡಿಯೊ ಕರೆ ಮಾಡಿದಳು. ನೀಲಿ ಬಣ್ಣದ ಮನೆ, ಹಿಂದೆ ಬಿಳಿಯ ಬೆಟ್ಟ. ಕೆಲವು ದಿನಗಳ ನಂತರ ಮತ್ತೊಮ್ಮೆ ಮಾಡಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತ ಬೀದಿನಾಯಿಗಳನ್ನು ತೋರಿಸಿದಳು. ಸುಮಿತ್ರಾ ಪಾದಕ್ಕೆ ಬಟ್ಟೆ ಕಟ್ಟಿದ್ದ ಮಲ್ಲಿಯನ್ನು ಫೋನಿನ ಮುಂದೆ ಹಿಡಿದಳು. "ಮುಂದಿನ ವರ್ಷ ಹೋಗುವ" ಎಂದು ನಾನು ಆ ಸಂಜೆ ಹೇಳಿದೆ. "ಬೇಡ" ಎಂದಳು. ರವಿಕೆಗಳನ್ನು ಅಂಚೆಯಲ್ಲಿ ಕಳಿಸಿದಳು. ವಿಳಾಸ ಬರೆದದ್ದು ನಾನು.

ಮತ್ತೆ ಹೊಳೆನರಸೀಪುರ, ಮತ್ತೆ ಅರಕಲಗೂಡು

ಎಂಟು ತಿಂಗಳ ಮೇಲೆ ಒಬ್ಬನೇ ಬಸ್ಸಿನಲ್ಲಿ ಹೋದೆ. ಶೆಡ್ಡಿನಲ್ಲಿ ಅವರೊಬ್ಬರೇ ಇದ್ದರು. ನೋಡಿದ ಕೂಡಲೇ, "ಬನ್ನಿ ಸಾ, ಮಲ್ಲಿ ಎಂಗವ್ಳೆ?" ಎಂದು ಸ್ಟೂಲು ಎಳೆದರು. ಕೂರದೆ, ನಿಂತೇ ಹೇಳಿದೆ. ಕರೆಗಳು ಬಂದಿದ್ದವು, ನೋಡಿದ್ದೆ, ಅಳಿಸಿದೆ, ನಿಮ್ಮನ್ನು ಕಳ್ಳ ಎಂದದ್ದು ತಪ್ಪಾಯಿತು.

"ಬುಡಿ ಸಾ. ಅದ್ನ ಅವತ್ತೇ ಬುಟ್ಟೆ ನಾನು" ಎಂದರು. ಪಕ್ಕದ ಕೋಣೆಯ ಕಡೆ ನೋಡಿದರು. ಬಾಗಿಲಿಗೆ ಬೀಗವಿತ್ತು. "ಮಗ್ಳು ಆಕ್ಸವ್ಳೆ. ಗೊತ್ತಿಲ್ದೋರ್ಗೆ ಇನ್ ರೂಮು ಕೊಡ್ಬ್ಯಾಡ ಅಂತ. ನಾನೂ ಸುಮ್ಕಾದೆ."

ಸವಿತಾ ಈಗ ಅರಕಲಗೂಡಿನ ಶಾಲೆಯೊಂದರಲ್ಲಿ ಟೀಚರು. ಅಲ್ಲಿಗೂ ಹೋದೆ. ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಗುರುತು ಹಿಡಿದು, ಆಂಟಿಯ ಆರೋಗ್ಯ ವಿಚಾರಿಸಿದಳು. ಮಲ್ಲಿಯ ಕಾಲು ವಾಸಿಯಾಯಿತೇ ಎಂದಳು. ತಪ್ಪಾಯಿತು ಎಂದು ಅವಳಿಗೂ ಹೇಳಿದೆ.

"ಅಪ್ಪನಿಗೆ ಹೇಳಿದ್ರಾ ಅಂಕಲ್?"

"ಹೇಳಿ ಬಂದೆ. ಈಗಷ್ಟೇ."

"ಎಲ್ಲಿ?"

"ಶೆಡ್ಡಿನಲ್ಲಿ. ಅವರೊಬ್ಬರೇ ಇದ್ದರು."

ಅವಳು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಎದುರ್ಗಡೆ ಹೋಟ್ಲಲ್ಲಿ ಊರ್ನವ್ರೆಲ್ಲ ಇದ್ರಲ್ಲ ಅಂಕಲ್" ಎಂದಳು. "ಅಪ್ಪ ಈಗ್ಲೂ ದಿನಾ ಬೆಳಿಗ್ಗೆ ಅಲ್ಲೇ ಟೀ ಕುಡೀಬೇಕು."

ಅವಳ ಪರಿಚಯದ ಟೀಚರೊಬ್ಬರು ಬಂದರು. ಬರ್ತೀನಿ ಎಂದು ತಲೆಯಾಡಿಸಿ ಅವರ ಜೊತೆ ಹೋದಳು. ನಾನು ನಿಲ್ದಾಣದಲ್ಲಿ ನಿಂತೆ. ಹೊಳೆನರಸೀಪುರಕ್ಕೆ ಸಂಜೆಯವರೆಗೂ ಬಸ್ಸುಗಳಿದ್ದವು. ಹೋಟೆಲು ಅಷ್ಟು ಹೊತ್ತಿಗೆ ತುಂಬಿರುತ್ತದೆ. ಬಾಗಿಲಲ್ಲಿ ನಿಂತು ನಾಲ್ಕು ಮಾತು ಗಟ್ಟಿಯಾಗಿ ಹೇಳಿದರೆ ಆಯಿತು. ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಎರಡು ಸಲ ಹೇಳಿಯೂ ನೋಡಿಕೊಂಡೆ.

ನಮ್ಮೂರ ಕಡೆಯ ಕುಶಾಲನಗರದ ಬಸ್ಸು ಮೊದಲು ಬಂತು. ನಾನು ಅದನ್ನೇ ಹತ್ತಿದೆ.